ತುಳುವಿನಲ್ಲಿ ಹೇಳಿದ್ದು, ಮಲಯಾಳದಲ್ಲಿ ಬರೆದದ್ದು

ಕಾನೂನು ಅಂಕಣ: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ
(ಪತ್ರ ಬರೆದವರ ಹೆಸರು, ಗ್ರಾಮ ಮತ್ತು ಠಾಣೆಯ ಗುರುತನ್ನು ಅವರ ಕೋರಿಕೆಯಂತೆ ಬಿಡಲಾಗಿದೆ.)

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಮೂಡುಭಾಗದಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಒಂದು ಗ್ರಾಮದವರು. ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ಅಡಕೆ ತೋಟಗಳಿಗೆ ಮದ್ದು ಬಿಡುವ, ಅಡಕೆ ಕೊಯ್ಯುವ ಕೆಲಸ ಮಾಡುತ್ತಾನೆ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾನೆ, ಮನೆಮಾತು ತುಳು. ಮಲಯಾಳವನ್ನು ಅಂಗಡಿ, ಬಸ್ಸುಗಳಿಗೆ ಬೇಕಾಗುವಷ್ಟು ಮಾತನಾಡುತ್ತಾನೆ. ಓದಲು ಬರೆಯಲು ಬರುವುದಿಲ್ಲ. ನೆರೆಯ ತೋಟದ ಹಿರಿಯರೊಬ್ಬರ ಕೊಲೆಯಾದ ಆರನೆಯ ದಿನ, ಗುರುವಾರ ಸಂಜೆ, ಪೊಲೀಸರು ಅವನನ್ನು ‘ಸ್ವಲ್ಪ ಕೇಳಲಿಕ್ಕಿದೆ’ ಎಂದು ಜೀಪಿನಲ್ಲಿ ಕರೆದುಕೊಂಡು ಹೋದರು. ಶುಕ್ರವಾರ ಮಧ್ಯಾಹ್ನ ಅಕ್ಕ ಠಾಣೆಗೆ ಗಂಜಿ ಕೊಂಡುಹೋದಳು. ಬಾಗಿಲಲ್ಲಿದ್ದ ಪೊಲೀಸರು ಪಾತ್ರೆ ತೆಗೆದುಕೊಂಡರೇ ಹೊರತು ಅವನನ್ನು ಕಾಣಲು ಬಿಡಲಿಲ್ಲ. ಅದೇ ದಿನ ಸಂಜೆ ನಾಲ್ಕು ಮಂದಿ ಪೊಲೀಸರು ನಮ್ಮ ಮನೆಗೆ ಬಂದು ಹಿತ್ತಲು, ಕೊಟ್ಟಿಗೆ, ಬಚ್ಚಲಿನ ಹಿಂದೆ ಅಡಕೆ ಸಿಪ್ಪೆ ರಾಶಿ ಹಾಕಿದ ಜಾಗವನ್ನೆಲ್ಲ ಕೋಲಿನಿಂದ ಕೆದಕಿ ನೋಡಿ ಹೋದರೆಂದು ಅಮ್ಮ ಹೇಳುತ್ತಾರೆ. ಶನಿವಾರ ಮಧ್ಯಾಹ್ನ ತಮ್ಮನನ್ನು ಕರೆತಂದು, ಆ ಸಿಪ್ಪೆಯ ರಾಶಿಯಿಂದಲೇ ಒಂದು ಕತ್ತಿಯನ್ನು ಅವನ ಕೈಯಲ್ಲಿ ತೆಗೆಸಿ, ಫೋಟೋ ಹಿಡಿದು ಮಹಜರು ಬರೆದರು. ಬಂಧನದ ಕಾಗದದಲ್ಲಿ ಬಂಧಿಸಿದ ಸಮಯ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಎಂದಿದೆ. ಆದಿತ್ಯವಾರ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಅವರು ಮಲಯಾಳದಲ್ಲಿ ಏನೋ ಕೇಳಿದರಂತೆ, ಹಿಂದೆ ಪೊಲೀಸರು ನಿಂತಿದ್ದರಿಂದ ಇವನು ‘ಇಲ್ಲ’ ಎಂದನಂತೆ. ಎರಡು ರಾತ್ರಿಯೂ ಅಂಗಾಲಿಗೆ ಹೊಡೆದರೆಂದೂ, ನಾಲ್ಕು ಪುಟ ಮಲಯಾಳದ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿಸಿಕೊಂಡರೆಂದೂ ಜೈಲಿನಲ್ಲಿ ಕಂಡಾಗ ಹೇಳಿದ. ಈಗ ಇಪ್ಪತ್ತಮೂರು ದಿನವಾಯಿತು. ಸಹಿ ಹಾಕಿದ ಮೇಲೆ ಮುಗಿಯಿತು ಎಂದು ಊರಿನಲ್ಲಿ ಹೇಳುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಂದು ಹೇಳಿಕೆ ಕೊಟ್ಟರೆ ಶಿಕ್ಷೆ ಕಡಿಮೆಯಾದೀತೆಂದು ಪೊಲೀಸರೊಬ್ಬರು ಅಕ್ಕನೊಡನೆ ಹೇಳಿದ್ದಾರೆ. ಇಂಥ ವಿಚಾರಣೆಯನ್ನು ಪ್ರಶ್ನಿಸಲು ದಾರಿಯಿದೆಯೇ?

ಉತ್ತರ: ಊರಿನವರು ಹೇಳಿದ್ದು ತಪ್ಪು. ಆ ನಾಲ್ಕು ಪುಟಗಳಿಗೆ ನಿಮ್ಮ ತಮ್ಮ ಹತ್ತು ಸಲ ಸಹಿ ಹಾಕಿದ್ದರೂ, ಅದರಲ್ಲಿ ‘ನಾನೇ ಕೊಂದೆ’ ಎಂದು ಬರೆದಿದ್ದರೂ, ಆ ಮಾತನ್ನು ಅವನ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತುಪಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಪೂರ್ತಿಯಾಗಿ ಹೊರಗಿಡುತ್ತದೆ. ಪೊಲೀಸರ ವಶದಲ್ಲಿರುವಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಅಲ್ಲದಿದ್ದರೆ, ಅದಕ್ಕೂ ಅದೇ ಗತಿ. ಇದು ಹೊಸ ಔದಾರ್ಯವೇನೂ ಅಲ್ಲ. 1872ರ ಸಾಕ್ಷ್ಯ ಕಾಯ್ದೆಯ 25 ಮತ್ತು 26ನೆಯ ಕಲಮುಗಳಲ್ಲಿ ಇದ್ದದ್ದೇ ಇಲ್ಲಿಗೆ ಬಂದಿದೆ. ಬ್ರಿಟಿಷರು ತಮ್ಮದೇ ಪೊಲೀಸರನ್ನು ಎಷ್ಟು ನಂಬುತ್ತಿದ್ದರು ಎಂಬುದಕ್ಕೆ ಆ ಕಲಮುಗಳೇ ಸಾಕ್ಷಿ.

ಹಾಗಾದರೆ ಪೊಲೀಸರು ನಾಲ್ಕು ಪುಟ ಬರೆಸಿಕೊಳ್ಳುವ ಶ್ರಮವನ್ನು ಏಕೆ ಪಡುತ್ತಾರೆ? ನಿಮ್ಮ ಪತ್ರದಲ್ಲಿ ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಕತ್ತಿಗಾಗಿ. ಅದೇ 23ನೆಯ ಕಲಮಿಗೆ ಒಂದು ಪರಂತುಕ, ಅಂದರೆ ವಿನಾಯಿತಿ, ಇದೆ, ಹಿಂದೆ ಅದು 27ನೆಯ ಕಲಮಾಗಿತ್ತು. ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಅಂಶವನ್ನು ಮಾತ್ರ ರುಜುವಾತುಪಡಿಸಬಹುದು. ಎಷ್ಟು ಅಂಶ ಎಂಬುದನ್ನು ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರ ಡಿಸೆಂಬರಿನಲ್ಲಿ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ, ಗುಂಟೂರು ಜಿಲ್ಲೆಯಿಂದ ಹೋದ ಮೇಲ್ಮನವಿಯಲ್ಲಿ, ಒಂದು ಉದಾಹರಣೆಯಿಂದಲೇ ತೋರಿಸಿಕೊಟ್ಟಿತು: ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚೂರಿಯನ್ನು ತೋರಿಸುತ್ತೇನೆ ಎಂಬುದು ಒಳಗೆ ಬರುತ್ತದೆ, ಅದರಿಂದಲೇ ಇಂಥವನನ್ನು ತಿವಿದೆ ಎಂಬುದು ಹೊರಗೆ ಉಳಿಯುತ್ತದೆ. ಅಂದರೆ ನಿಮ್ಮ ತಮ್ಮನ ನಾಲ್ಕು ಪುಟಗಳಿಂದ ನ್ಯಾಯಾಲಯದ ಕಡತಕ್ಕೆ ಇಳಿಯಬಹುದಾದದ್ದು ಬಹುಶಃ ಒಂದೂವರೆ ಸಾಲು: ‘ಕತ್ತಿಯನ್ನು ಸಿಪ್ಪೆಯ ರಾಶಿಯಲ್ಲಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.’ ನಿಮ್ಮ ವಕೀಲರ ಹೋರಾಟವೆಲ್ಲ ಈ ಒಂದೂವರೆ ಸಾಲಿನ ಮೇಲೆ ನಡೆಯಬೇಕು. ಇಂಥ ಪ್ರಕರಣಗಳಲ್ಲಿ ಮನೆಯವರು ಹೊಡೆತದ ವಿಷಯದಲ್ಲೇ ತಮ್ಮ ಶಕ್ತಿ, ಹಣ ಎರಡನ್ನೂ ಮುಗಿಸಿ, ಮಹಜರನ್ನು ಓದಿಯೂ ನೋಡದೆ ವಿಚಾರಣೆಗೆ ನಿಲ್ಲುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದಲೇ ಇದನ್ನು ಮೊದಲು ಹೇಳಿದೆ.

ಈ ಒಂದೂವರೆ ಸಾಲಿನಲ್ಲಿ ನಿಮ್ಮ ಪತ್ರವೇ ಮೂರು ತೂತುಗಳನ್ನು ತೋರಿಸುತ್ತದೆ. ಎಲ್ಲಕ್ಕಿಂತ ದೊಡ್ಡದು ನಿಮ್ಮ ತಾಯಿ ಕಂಡದ್ದು. ಶುಕ್ರವಾರ ಸಂಜೆಯೇ ಪೊಲೀಸರು ಆ ರಾಶಿಯನ್ನು ಕೆದಕಿ ನೋಡಿದ್ದು ನಿಜವಾದರೆ, ಶನಿವಾರ ಅಲ್ಲಿಂದ ಹೊರಬಂದದ್ದಕ್ಕೆ ‘ಪತ್ತೆ’ ಎಂಬ ಹೆಸರು ಹೇಗೆ ಒಪ್ಪುತ್ತದೆ? ಪೊಲೀಸರಿಗೆ ಮೊದಲೇ ತಿಳಿದಿದ್ದ ಸಂಗತಿಯನ್ನು ಆರೋಪಿಯ ಬಾಯಿಂದ ಮತ್ತೆ ಹೇಳಿಸಿದರೆ ಅದು ಪರಂತುಕದೊಳಗೆ ಬರುವುದಿಲ್ಲ. ಅಥವಾ ಶುಕ್ರವಾರ ಕೆದಕಿದಾಗ ಇಲ್ಲದ ಕತ್ತಿ ಶನಿವಾರ ಅಲ್ಲಿಗೆ ಬಂದದ್ದು ಹೇಗೆ, ಅದೂ ಆರೋಪಿ ಠಾಣೆಯಲ್ಲಿದ್ದಾಗ? ಎರಡರಲ್ಲಿ ಯಾವುದಕ್ಕೂ ತನಿಖಾಧಿಕಾರಿಯ ಬಳಿ ಸುಲಭದ ಉತ್ತರ ಇರಲಾರದು. ನಿಮ್ಮ ತಾಯಿಯವರು ತಾಯಿ ಎಂಬ ಒಂದೇ ಕಾರಣಕ್ಕೆ ಅವರ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ಆ ಸಂಜೆ ಜೀಪು ಬಂದದ್ದನ್ನು ಕಂಡ ನೆರೆಯವರು ಯಾರು, ಆಗ ಹಾಲು ಡೈರಿಗೆ ಹೋಗುತ್ತಿದ್ದವರು ಯಾರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ದಿನ, ಗಂಟೆ ಸಹಿತ ಬರೆದಿಟ್ಟುಕೊಳ್ಳಿ. ಬರೆದದ್ದನ್ನು ವಕೀಲರಿಗೆ ಮಾತ್ರ ಕೊಡಿ. ಬಸ್ ಸ್ಟ್ಯಾಂಡಿನಲ್ಲಿ ಅದರ ಚರ್ಚೆ ಬೇಡ.

ಎರಡನೆಯದು ಭಾಷೆ. ಕರ್ನಾಟಕದಿಂದ ಹೋದ ಒಂದು ಕೊಲೆ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು, ಇಂಥ ಪತ್ತೆಯ ಪಂಚನಾಮೆ ಹೇಗಿರಬೇಕೆಂದು ವಿವರವಾಗಿ ಹೇಳಿದೆ. ಆರೋಪಿ ತಾನಾಗಿ ತೋರಿಸುತ್ತೇನೆಂದಾಗ ಅಧಿಕಾರಿಯು ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಬೇಕು, ಅವರ ಎದುರಿನಲ್ಲಿ ಆರೋಪಿ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು, ಆಮೇಲೆ ಎಲ್ಲರೂ ಸ್ಥಳಕ್ಕೆ ಹೊರಡಬೇಕು. ಆಡಿದ ಹಾಗೆಯೇ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಬಹಳ ಭಾರದ್ದು. ನಿಮ್ಮ ತಮ್ಮ ಆಡಿದ್ದು ತುಳು ಅಥವಾ ಕನ್ನಡ, ಕಾಗದದಲ್ಲಿರುವುದು ಮಲಯಾಳ. ನಡುವೆ ಯಾರೋ ಒಬ್ಬರು ಇದನ್ನು ಅದಕ್ಕೆ ತಿರುಗಿಸಿದ್ದಾರೆ. ಅವರು ಯಾರು, ಅವರಿಗೆ ಎರಡೂ ಭಾಷೆ ಎಷ್ಟು ಬರುತ್ತದೆ, ಮಹಜರಿನಲ್ಲಿ ಅವರ ಹೆಸರು ಇದೆಯೇ, ಸಾಕ್ಷಿಪಟ್ಟಿಯಲ್ಲಿ ಇದೆಯೇ? ‘ಅಲ್ಪ ಕತ್ತಿ ಉಂಡು’ (ಅಲ್ಲಿ ಕತ್ತಿ ಇದೆ) ಎಂದು ತುಳುವಿನಲ್ಲಿ ಹೇಳುವುದಕ್ಕೂ ‘ನಾನು ಅಲ್ಲಿ ಕತ್ತಿ ಬಚ್ಚಿಟ್ಟಿದ್ದೇನೆ’ ಎಂಬುದಕ್ಕೂ ಇರುವ ಅಂತರ ಒಂದು ಜೀವಾವಧಿಯಷ್ಟು. ಬಚ್ಚಲಿನ ಹಿಂದೆ ಕತ್ತಿ ಇದೆಯೆಂದು ಆ ಮನೆಯ ಯಾರನ್ನು ಕೇಳಿದರೂ ಹೇಳಿಯಾರು. ಬಚ್ಚಿಟ್ಟದ್ದು ತಾನೇ ಎಂಬ ಭಾಗವೇ ಆರೋಪಿಯನ್ನು ಆಯುಧಕ್ಕೆ ಕಟ್ಟಿಹಾಕುವುದು. ಪಾಟೀಸವಾಲಿನಲ್ಲಿ ತನಿಖಾಧಿಕಾರಿಗೆ ತುಳು ಬರುತ್ತದೆಯೇ ಎಂಬ ಒಂದು ಪ್ರಶ್ನೆಯಿಂದ ಆರಂಭಿಸಿದರೂ ಸಾಕಷ್ಟು ದೂರ ಹೋಗಬಹುದು. ಪುಟಗಳ ಕೊನೆಯಲ್ಲಿ ‘ವಾಯಿಚ್ಚು ಕೇಟ್ಟು’, ಅಂದರೆ ಓದಿ ಹೇಳಿದ್ದನ್ನು ಕೇಳಿದೆ, ಎಂದು ಮಲಯಾಳದಲ್ಲೇ ಬರೆದು, ಅದರ ಕೆಳಗೆ ಕನ್ನಡ ಅಕ್ಷರದ ಸಹಿ ಇದ್ದರೆ, ಆ ಸಹಿ ನಿಮ್ಮ ತಮ್ಮನ ವಿರುದ್ಧಕ್ಕಿಂತ ಅವನ ಪರವಾಗಿಯೇ ಹೆಚ್ಚು ಮಾತನಾಡುತ್ತದೆ.

ಮೂರನೆಯದು ಕತ್ತಿಯೇ. ಅಡಕೆ ಕೊಯ್ಯುವವನ ಮನೆಯಲ್ಲಿ ಕತ್ತಿ ಸಿಕ್ಕುವುದು ವಿಶೇಷವೇನೂ ಅಲ್ಲ, ಬಚ್ಚಲಿನ ಹಿಂದಿನ ಸಿಪ್ಪೆಯ ರಾಶಿ ಯಾರೂ ನಡೆದುಬರಬಹುದಾದ ಜಾಗ. ಆದರೆ ಇಲ್ಲಿ ನಿಮಗೆ ಸಮಾಧಾನದ ಮಾತು ಹೇಳಲಾರೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಆ ಕತ್ತಿಯ ಮೇಲೆ ಮೃತರ ರಕ್ತವಿತ್ತೆಂದು ಬಂದರೆ ಪ್ರಕರಣದ ಬಣ್ಣವೇ ಬದಲಾಗುತ್ತದೆ. ಆಗ ಮೇಲಿನ ಎರಡು ವಾದಗಳು ಇನ್ನೂ ಮುಖ್ಯವಾಗುತ್ತವೆ.

ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಮುಂದೆ ‘ಸಂಹಿತೆ’) 105ನೆಯ ಕಲಮಿನಂತೆ ಈಗ ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮುದ್ರಣ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅದರ ಪ್ರತಿ ಸಿಕ್ಕಿದಾಗ ಒಂದು ಸಂಗತಿಯನ್ನು ಗಮನಿಸಿ: ವೀಡಿಯೊ ಎಲ್ಲಿಂದ ಶುರುವಾಗುತ್ತದೆ? ಠಾಣೆಯಲ್ಲಿ ಬಾಯಿಬಿಟ್ಟ ಹೊತ್ತಿನಿಂದಲೋ, ಎಲ್ಲರೂ ಸಿಪ್ಪೆಯ ರಾಶಿಯ ಮುಂದೆ ಬಂದು ನಿಂತ ಮೇಲಿನಿಂದಲೋ? ಮುಂದೆ ನಡೆಯುತ್ತಿರುವುದು ನಿಮ್ಮ ತಮ್ಮನೋ, ದಾರಿ ತೋರಿಸುತ್ತಿರುವುದು ಪೊಲೀಸರೋ? ಅಂಗಾಲಿಗೆ ಪೆಟ್ಟು ಬಿದ್ದವನ ನಡಿಗೆಯೂ ಅದರಲ್ಲಿ ಕಾಣಬಹುದು.

ಇನ್ನು ಹೊಡೆತದ ವಿಷಯ. ಇದನ್ನು ನಾನು ಹಿಂದಕ್ಕೆ ಹಾಕಿದ್ದು ಅದು ಸಣ್ಣದೆಂದಲ್ಲ, ಅದರ ಉಪಯೋಗವೂ ಕೊನೆಗೆ ಆ ಕತ್ತಿಗೇ ಬಂದು ಸೇರುವುದರಿಂದ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ. 1961ರ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಪತ್ತೆಯ ಮಾಹಿತಿಯನ್ನು ಬಲಾತ್ಕಾರವಿಲ್ಲದೆ ಕೊಟ್ಟಿದ್ದರೆ ಮಾತ್ರ ಅದು ಈ ವಿಧಿಯ ಹೊಡೆತದಿಂದ ಪಾರಾಗುತ್ತದೆ ಎಂಬ ನಿಲುವನ್ನು ತಳೆಯಿತು. ಅಂದರೆ ಹೊಡೆದು ಹೇಳಿಸಿದ್ದೆಂದು ತೋರಿಸಿಕೊಟ್ಟರೆ ಆ ಒಂದೂವರೆ ಸಾಲೂ ಉಳಿಯುವುದಿಲ್ಲ. ತೋರಿಸಿಕೊಡುವುದು ಹೇಗೆಂಬುದೇ ಕಷ್ಟ, ಅದರಲ್ಲೂ ಮ್ಯಾಜಿಸ್ಟ್ರೇಟರು ಕೇಳಿದಾಗ ಅವನು ಇಲ್ಲವೆಂದಿರುವಾಗ. ಹಾಗೆಂದು ಬಾಗಿಲು ಮುಚ್ಚಿಲ್ಲ. ಹಿಂಸೆಯ ದೂರು ಇದೆಯೇ ಎಂದು ಕೇಳುವುದನ್ನೂ, ವೈದ್ಯಕೀಯ ತಪಾಸಣೆಯ ಹಕ್ಕಿದೆ ಎಂದು ತಿಳಿಸುವುದನ್ನೂ ಸುಪ್ರೀಂ ಕೋರ್ಟು 1983ರ ಶೀಲಾ ಬರ್ಸೆ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಕರ್ತವ್ಯವಾಗಿಸಿತು. ಆರೋಪಿಗೆ ಸರಿಯಾಗಿ ತಿಳಿಯದ ಭಾಷೆಯಲ್ಲಿ, ಪೊಲೀಸರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಕೇಳಿದರೆ ಆ ಕರ್ತವ್ಯ ಮುಗಿಯಿತೇ ಎಂದು ವಾದಿಸಬಹುದು. ಬಂಧಿತನನ್ನು ವೈದ್ಯರು ಪರೀಕ್ಷಿಸಿದಾಗ ಬರೆದ ವರದಿಯ ಪ್ರತಿ ಅವನಿಗೆ ಅಥವಾ ಅವನು ಹೇಳಿದವರಿಗೆ ಸಿಗಬೇಕೆಂದು ಸಂಹಿತೆಯ 53ನೆಯ ಕಲಮು ಹೇಳುತ್ತದೆ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಜೈಲಿಗೆ ಸೇರಿಸುವಾಗಲೂ ಮೈಮೇಲಿನ ಗಾಯಗಳನ್ನು ದಾಖಲಿಸುತ್ತಾರೆ. ಈ ಎರಡು ಕಾಗದಗಳಿಗೂ, ಈಗಲಾದರೂ ಇನ್ನೊಮ್ಮೆ ತಪಾಸಣೆ ಮಾಡಿಸುವುದಕ್ಕೂ ನಿಮ್ಮ ವಕೀಲರು ಮುಂದಿನ ರಿಮಾಂಡು ತಾರೀಕಿಗೆ ಮೊದಲೇ ಅರ್ಜಿ ಹಾಕಲಿ. ನಿಮ್ಮ ತಮ್ಮನೂ ಜೈಲಿನ ಅಧೀಕ್ಷಕರ ಮೂಲಕ ಮ್ಯಾಜಿಸ್ಟ್ರೇಟರಿಗೆ ಕನ್ನಡದಲ್ಲಿ ತನ್ನ ಕೈಯಾರೆ ಬರೆದು ಕಳುಹಿಸಲಿ. ಏಳನೆಯ ತರಗತಿಯ ಕನ್ನಡ ಅದಕ್ಕೆ ಧಾರಾಳ ಸಾಕು, ಯಾರೂ ತಿದ್ದುವುದು ಬೇಡ.

ಗುರುವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಯವರೆಗೆ ಅವನು ಎಲ್ಲಿದ್ದ? ಬಂಧಿಸಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22(2)ನೆಯ ವಿಧಿ. ಕಾಗದದ ಪ್ರಕಾರ ಅದು ಪಾಲನೆಯಾಗಿದೆ, ಕಾಗದ ಸುಳ್ಳೆಂಬುದು ನಿಮ್ಮ ದೂರು. ‘ವಿಚಾರಿಸಿ ಕಳುಹಿಸಿದ್ದೆವು, ಶನಿವಾರ ಮತ್ತೆ ಹಿಡಿದೆವು’ ಎಂಬುದು ಇಂಥಲ್ಲಿ ಬರುವ ಮಾಮೂಲು ಉತ್ತರ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಮೊಗಸಾಲೆ ಮುಂತಾದ ಕಡೆ ಸಿಸಿಟಿವಿ ಇರಬೇಕೆಂದೂ, ದೃಶ್ಯಗಳನ್ನು 18 ತಿಂಗಳು ಕಾದಿಡುವ ವ್ಯವಸ್ಥೆ ಬೇಕೆಂದೂ ಆದೇಶಿಸಿದೆ. ಆದೇಶವಿದೆಯೆಂದು ನೆಮ್ಮದಿಯಿಂದ ಕೂತರೆ, ಬೇಕಾದ ಹೊತ್ತಿಗೆ ಕ್ಯಾಮರಾ ಕೆಟ್ಟಿತ್ತು ಎಂಬ ಉತ್ತರ ಬಂದೀತು. ಆ ಮೂರು ದಿನಗಳ ದೃಶ್ಯವನ್ನು ಅಳಿಸದೆ ಕಾದಿಟ್ಟು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಅರ್ಜಿಯನ್ನು ಈ ವಾರವೇ ಹಾಕಿಸಿ. ಜೊತೆಗೆ ತಮ್ಮನ ಮೊಬೈಲು ಆ ಎರಡು ರಾತ್ರಿ ಯಾವ ಟವರಿನ ಕೆಳಗಿತ್ತೆಂಬ ವಿವರವನ್ನೂ, ಠಾಣೆಯ ದಿನಚರಿಯನ್ನೂ ತರಿಸಲು ಕೇಳಬಹುದು. ಅಕ್ಕ ಗಂಜಿಯ ಪಾತ್ರೆ ಹಿಡಿದು ಠಾಣೆಯ ಬಾಗಿಲಲ್ಲಿ ನಿಂತದ್ದು ಆ ದೃಶ್ಯದಲ್ಲಿ ಇದ್ದರೆ, ಕಾಗದದ ಮೇಲೆ ಅವನಿನ್ನೂ ಬಂಧಿತನಾಗಿರದ ಆ ಶುಕ್ರವಾರದ ಮಧ್ಯಾಹ್ನ ಗಂಜಿ ಯಾರಿಗೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ಪೊಲೀಸರೇ.

ಬಂಧನದ ಕಾರಣಗಳನ್ನು ತಿಳಿಸಿದ ಕಾಗದ ಯಾವ ಭಾಷೆಯಲ್ಲಿದೆ ಎಂಬುದನ್ನೂ ನೋಡಿ. ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಮನದಟ್ಟಾಗುವಂತೆ ತಿಳಿಸಬೇಕೆಂದು ವಿಹಾನ್ ಕುಮಾರ್ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಎಲ್ಲ ಅಪರಾಧಗಳಲ್ಲೂ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು, ಕೂಡಲೇ ಸಾಧ್ಯವಾಗದಿದ್ದರೂ ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು, ಇಲ್ಲವಾದರೆ ಬಂಧನವೂ ರಿಮಾಂಡೂ ಅಕ್ರಮ ಎಂದು ಸ್ಪಷ್ಟಪಡಿಸಿತು. ಗಡಿಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ತೀರ್ಪು ಇತ್ತೀಚೆಗೆ ಬಂದಿಲ್ಲ. ನಿಮ್ಮ ತಮ್ಮನ ಬಂಧನ ಆ ತೀರ್ಪಿನ ಅನಂತರದ್ದಾಗಿದ್ದು, ಸಿಕ್ಕಿದ್ದು ಮಲಯಾಳದ ಕಾಗದ ಮಾತ್ರವಾಗಿದ್ದರೆ ಬಿಡುಗಡೆ ಕೇಳಲು ಅದೊಂದೇ ಸಾಕಾದ ಕಾರಣ. ಆದರೆ ಕಾರಣಗಳನ್ನು ಸರಿಯಾಗಿ ಬರೆದುಕೊಟ್ಟು ಮತ್ತೆ ವಶಕ್ಕೆ ಕೇಳಲು ಪೊಲೀಸರಿಗೆ ಅವಕಾಶವಿದೆ. ಪ್ರಕರಣ ಅಲ್ಲಿಗೆ ಬಿದ್ದುಹೋಗುವುದಿಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಸಿನಿಮಾ ನೋಡಿದವರಿಗೆಲ್ಲ ಬೇರೆ ನಂಬಿಕೆಯಿದೆ. ತನಿಖೆಯಲ್ಲಿ ಅಕ್ರಮ ನಡೆದರೆ ನಮ್ಮಲ್ಲಿ ಕೊಲೆ ಪ್ರಕರಣ ತಾನಾಗಿ ರದ್ದಾಗುವುದಿಲ್ಲ. ಅಕ್ರಮ ಶೋಧದಲ್ಲಿ ಸಿಕ್ಕಿದ ವಸ್ತುವೂ ಪ್ರಸ್ತುತವಾಗಿದ್ದರೆ ಸಾಕ್ಷ್ಯವಾಗಬಹುದೆಂದು 1973ರ ಪೂರನ್ ಮಲ್ ತೀರ್ಪು ಹೇಳುತ್ತದೆ. ಬೇರೆ ಸಾಕ್ಷಿಗಳಿದ್ದರೆ ಅವು ನಿಲ್ಲುತ್ತವೆ. ನೆರೆಯ ತೋಟದ ಹಿರಿಯರೊಬ್ಬರು ಕೊಲೆಯಾದದ್ದೂ ನಿಜ. ಹೊಡೆದು ಬರೆಸಿಕೊಂಡ ನಾಲ್ಕು ಪುಟಗಳಿಂದ ಅವರ ಮನೆಯವರಿಗೂ ಸತ್ಯ ಸಿಕ್ಕಿರುವುದಿಲ್ಲ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಯ ಬಗ್ಗೆ ಅಕ್ಕನಿಗೆ ಹೇಳಿದ ಆ ಸಲಹೆಯನ್ನು ದಯವಿಟ್ಟು ಯಾರೂ ತಮ್ಮನಿಗೆ ಮುಟ್ಟಿಸಬೇಡಿ. ಪೊಲೀಸರ ನಾಲ್ಕು ಪುಟಕ್ಕೆ ಇಲ್ಲದ ಬಲ ಅದಕ್ಕಿದೆ. ಸಂಹಿತೆಯ 183ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು, ತಪ್ಪೊಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದು ನಿನ್ನ ವಿರುದ್ಧವೇ ಸಾಕ್ಷ್ಯವಾಗುತ್ತದೆ ಎಂದು ಮೊದಲೇ ಎಚ್ಚರಿಸಬೇಕು. ಸ್ವಇಚ್ಛೆಯದ್ದೆಂದು ನಂಬಿಕೆ ಬಂದರೆ ಮಾತ್ರ ಬರೆದುಕೊಳ್ಳಬೇಕು. ಇಷ್ಟವಿಲ್ಲವೆಂದು ಆರೋಪಿ ಹೇಳಿದರೆ ಅವನನ್ನು ಪೊಲೀಸರ ವಶಕ್ಕೆ ಮರಳಿಸುವಂತಿಲ್ಲ. ಯೋಚಿಸಲು ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಯಾದರೂ ಕೊಡಬೇಕೆಂದು 1957ರ ಸರ್ವಣ್ ಸಿಂಗ್ ತೀರ್ಪು ಹೇಳಿದೆ. ಒಮ್ಮೆ ದಾಖಲಾದ ಮೇಲೆ ಹಿಂದೆಗೆದುಕೊಂಡರೂ ಅದು ಕಡತದಲ್ಲಿ ಉಳಿಯುತ್ತದೆ. ಶಿಕ್ಷೆ ಕಡಿಮೆಯಾದೀತೆಂಬ ಮಾತಿಗೆ ಆಧಾರವೇ ಇಲ್ಲ, ಕೊಲೆಗೆ ಜೀವಾವಧಿಗಿಂತ ಕಡಿಮೆ ಶಿಕ್ಷೆ ಕಾನೂನಿನಲ್ಲಿಲ್ಲ. ಬದಲಾಗಿ, ಅಂಥ ಆಮಿಷ ತೋರಿಸಿದ್ದನ್ನೇ ದಿನ, ಜಾಗ ಸಹಿತ ಬರೆದಿಡಿ. ಆಮಿಷ, ಬೆದರಿಕೆ, ಬಲಾತ್ಕಾರಗಳಿಂದ ಬಂದ ತಪ್ಪೊಪ್ಪಿಗೆ ಅಪ್ರಸ್ತುತವೆಂದು ಸಾಕ್ಷ್ಯ ಅಧಿನಿಯಮದ 22ನೆಯ ಕಲಮು ಹೇಳುತ್ತದೆ.

ಪೊಲೀಸರ ಮೇಲಿನ ದೂರಿಗೆ ಬೇರೆಯೇ ದಾರಿಗಳಿವೆ: ಜಿಲ್ಲಾ ಪೊಲೀಸ್ ಮುಖ್ಯಸ್ಥರು, 2011ರ ಕೇರಳ ಪೊಲೀಸ್ ಕಾಯ್ದೆಯಂತೆ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ. ಆಯೋಗಕ್ಕೆ ಹೋಗುವುದಾದರೆ ಘಟನೆಯಾದ ಒಂದು ವರ್ಷದೊಳಗೆ ಹೋಗಬೇಕು. ತಪ್ಪೊಪ್ಪಿಗೆಗಾಗಿ ಹಿಂಸಿಸುವುದು, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯಸಂಹಿತೆಯ 120ನೆಯ ಕಲಮಿನಲ್ಲಿ ಏಳು ವರ್ಷದವರೆಗೆ, ಗಾಯ ತೀವ್ರವಾಗಿದ್ದರೆ ಹತ್ತು ವರ್ಷದವರೆಗೆ ಶಿಕ್ಷೆಯ ಅಪರಾಧ. ದೂರನ್ನು ಕನ್ನಡದಲ್ಲೇ ಕೊಡಬಹುದು. ಸಂವಿಧಾನದ 350ನೆಯ ವಿಧಿ ಹಾಗೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಬಹುದೆನ್ನುವ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಎರಡೂ ನಿಮ್ಮ ಬೆಂಬಲಕ್ಕಿವೆ. ಆದರೂ ಒಂದು ಮಲಯಾಳ ಅನುವಾದವನ್ನು ಲಗತ್ತಿಸಿ. ಹಕ್ಕಿಗೆ ಅದು ಬೇಕಿಲ್ಲ, ಕಡತ ಮೇಜಿನಿಂದ ಮೇಜಿಗೆ ಹೋಗಲು ಬೇಕು. ದೋಷಾರೋಪಣ ಪಟ್ಟಿಯ ಕನ್ನಡ ಅನುವಾದ ಮಾತ್ರ ಹಕ್ಕಿನಿಂದ ಸಿಗುತ್ತದೆಂದು ನಂಬಬೇಡಿ. ವಕೀಲರಿಗೆ ಆ ಭಾಷೆ ಬರುತ್ತಿದ್ದರೆ ಅನುವಾದ ಕೊಡಲೇಬೇಕೆಂದಿಲ್ಲ ಎಂಬುದು 2023ರಲ್ಲಿ ಸುಪ್ರೀಂ ಕೋರ್ಟಿನ ನಿಲುವಾಗಿತ್ತು. ಹಾಗಾಗಿ ಕನ್ನಡ, ತುಳು, ಮಲಯಾಳ ಮೂರೂ ಬರುವ ವಕೀಲರನ್ನೇ ಹುಡುಕಿ. ಕಾಸರಗೋಡಿನಲ್ಲಿ ಅಂಥವರಿಗೆ ಬರಗಾಲವಿಲ್ಲ. ಹಣದ ತೊಂದರೆಯಿದ್ದರೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಹೊಣೆ. 15100ಕ್ಕೆ ಕರೆ ಮಾಡಬಹುದು.

ಇನ್ನೊಂದು ತಾರೀಕು ಗುರುತು ಹಾಕಿಕೊಳ್ಳಿ. ಮೊದಲ ರಿಮಾಂಡಿನ ದಿನವನ್ನೂ ಸೇರಿಸಿ 90 ದಿನ ಮುಗಿಯುವುದರೊಳಗೆ ದೋಷಾರೋಪಣ ಪಟ್ಟಿ ಬಾರದಿದ್ದರೆ ಜಾಮೀನು ಅವನ ಹಕ್ಕು. ಆದರೆ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು. ನಿಮ್ಮ ಲೆಕ್ಕದಲ್ಲಿ ಅದಕ್ಕೆ ಇನ್ನು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಮಯವಿದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ನಡೆದ ಕೊಲೆಗೆ ಸಂಬಂಧಿಸಿ, ನನ್ನ ಮಾವನವರು (63 ವರ್ಷ) ಮತ್ತು ನಾನು ಹೇಳಿಕೆ ಕೊಡಲು ರಾತ್ರಿ ಎಂಟು ಗಂಟೆಗೆ ಠಾಣೆಗೆ ಬರಬೇಕೆಂದು ಫೋನಿನಲ್ಲಿ ಹೇಳಿದ್ದಾರೆ. ಹೋಗದಿದ್ದರೆ ನಮ್ಮನ್ನೂ ಸೇರಿಸುತ್ತಾರೆಯೇ? (ಗೃಹಿಣಿ, ಮಂಜೇಶ್ವರ ತಾಲೂಕು)

ಉತ್ತರ: ನೀವಿಬ್ಬರೂ ಠಾಣೆಗೆ ಹೋಗಬೇಕಾಗಿಲ್ಲ. ಹೆಂಗಸರನ್ನೂ ಅರುವತ್ತು ದಾಟಿದ ಗಂಡಸರನ್ನೂ ಅವರು ವಾಸಿಸುವ ಸ್ಥಳದಲ್ಲೇ ವಿಚಾರಿಸಬೇಕೆಂದು ಸಂಹಿತೆಯ 179ನೆಯ ಕಲಮು ಹೇಳುತ್ತದೆ. ಹಳೆಯ ಕಾಯ್ದೆಯಲ್ಲಿ ಈ ವಯಸ್ಸು 65 ಇತ್ತು, ಹೊಸದರಲ್ಲಿ 60 ಆಗಿದೆ. ನಿಮ್ಮ ಮಾವನವರು ಆ ಬದಲಾವಣೆಯ ಲಾಭ ಪಡೆದವರು. ಸಾಕ್ಷಿಯನ್ನು ಕರೆಯುವ ಆದೇಶವೂ ಬರಹದಲ್ಲಿ ಇರಬೇಕು. ‘ಮನೆಗೆ ಬನ್ನಿ, ಹಗಲು ಹೊತ್ತಿನಲ್ಲಿ ತಿಳಿದದ್ದನ್ನೆಲ್ಲ ಹೇಳುತ್ತೇವೆ’ ಎಂದು ಮರ್ಯಾದೆಯಿಂದ ತಿಳಿಸಿ, ಹೇಳಿದ್ದಕ್ಕೆ ಒಂದು ಸಂದೇಶದ ದಾಖಲೆಯನ್ನೂ ಇಟ್ಟುಕೊಳ್ಳಿ. ಕಂಡದ್ದನ್ನು ನಿಜವಾಗಿ ಹೇಳುವುದು ನಿಮ್ಮ ಬಾಧ್ಯತೆ. ಬರೆದುಕೊಂಡ ಹೇಳಿಕೆಗೆ ಸಹಿ ಕೇಳಿದರೆ ಹಾಕಬೇಕಾಗಿಲ್ಲ, 181ನೆಯ ಕಲಮು ಸಹಿಯನ್ನೇ ನಿಷೇಧಿಸುತ್ತದೆ.

ಪ್ರಶ್ನೆ: ಕೊಲೆ ಪ್ರಕರಣವೊಂದರಲ್ಲಿ ಸಂಶಯದ ಮೇಲೆ ನನ್ನ ಸ್ನೇಹಿತನನ್ನು ಹಲವು ಸಲ ಕರೆಸಿದ್ದಾರೆ. ಸುಳ್ಳು ಪತ್ತೆ ಯಂತ್ರದ ಪರೀಕ್ಷೆಗೆ ಒಪ್ಪಿ ಬರೆದುಕೊಟ್ಟರೆ ಅವನ ಮೇಲಿನ ಸಂಶಯ ತೀರುತ್ತದೆಯಂತೆ. ಒಪ್ಪಬಹುದೇ? (ವಿದ್ಯಾರ್ಥಿ, ಕಾಸರಗೋಡು)

ಉತ್ತರ: ನನ್ನ ಅಭಿಪ್ರಾಯ ಬೇಡವೆಂದೇ. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ, ಸುಳ್ಳು ಪತ್ತೆ, ಮಂಪರು ಪರೀಕ್ಷೆ, ಮಿದುಳಿನ ಅಲೆಗಳ ಪರೀಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲವೆಂದು ತೀರ್ಮಾನಿಸಿತು. ಒಪ್ಪಿದರೂ ವಕೀಲರೊಡನೆ ಸಮಾಲೋಚಿಸಿ, ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾಗಬೇಕು. ಠಾಣೆಯ ಮೇಜಿನ ಮೇಲೆ ಬರೆದುಕೊಟ್ಟ ಚೀಟಿ ಸಾಲದು. ಪರೀಕ್ಷೆಯ ಫಲಿತಾಂಶ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಆದರೆ ಸ್ವಇಚ್ಛೆಯ ಪರೀಕ್ಷೆಯಲ್ಲಿ ಹೊರಬಂದ ಮಾತಿನಿಂದ ಏನಾದರೂ ಪತ್ತೆಯಾದರೆ ಅದು, ಮೇಲಿನ ಉತ್ತರದಲ್ಲಿ ಹೇಳಿದ ಪರಂತುಕದ ದಾರಿಯಲ್ಲೇ, ಒಳಗೆ ಬರಬಹುದು. ಅಂದರೆ ಪರೀಕ್ಷೆ ‘ಸುಳ್ಳಿಲ್ಲ’ ಎಂದರೂ ಪೊಲೀಸರ ಸಂಶಯ ತೀರಲೇಬೇಕೆಂಬ ಕಾನೂನಿಲ್ಲ, ಬಾಯಿಂದ ಜಾರಿದ ಮಾತಿಗೆ ಮಾತ್ರ ಬೆಲೆ ತೆರಬೇಕಾದೀತು. ಒಪ್ಪದೇ ಇದ್ದದ್ದನ್ನು ಅವನ ವಿರುದ್ಧ ಬಳಸುವಂತಿಲ್ಲ. ಇನ್ನು ಮುಂದೆ ಕರೆಸುವುದಾದರೆ ಸಂಹಿತೆಯ 35(3)ನೆಯ ಕಲಮಿನ ಲಿಖಿತ ನೋಟೀಸು ಕೊಡುವಂತೆ ಅವನು ಕೇಳಲಿ, ಒಬ್ಬನೇ ಹೋಗದೆ ವಕೀಲರೊಡನೆ ಹೋಗಲಿ. ಪ್ರಶ್ನಿಸುವ ಕೋಣೆಯೊಳಗೆ ವಕೀಲರನ್ನು ಪೂರ್ತಿ ಹೊತ್ತು ಬಿಡದಿದ್ದರೂ, ನಡುನಡುವೆ ಎದ್ದು ಬಂದು ಅವರೊಡನೆ ಮಾತನಾಡಲು ಅವಕಾಶ ಕೇಳಬಹುದು.